ಗುಡಿಸು

ಹಾಜರಿ ಪುಸ್ತಕದಲ್ಲಿರುವುದು ವನಿತ.
ಅವಳ ನೋಟ್‌ಬುಕ್ಕಿನಲ್ಲಿ ಸೋಮವಾರ ನವಿತ,
ಮಂಗಳವಾರ ವನತಿ,
ಬುಧವಾರ, ಮನೆಗೆ ಹೋಗುವ ಹೊತ್ತಿಗೆ, ತನಿವ.
ದಿನಕ್ಕೊಬ್ಬಳು ಹೊಸ ಹುಡುಗಿ ಬಂದು
ಅದೇ ಮಣೆಯ ಮೇಲೆ, ಅದೇ ಮೊಣಕೈ ಹರಿದ ಸ್ವೆಟರಿನಲ್ಲಿ
ಕೂರುತ್ತಿದ್ದಳು.
ನಾನು ಎಲ್ಲರ ಮೇಲೂ ಕೆಂಪು ಗೆರೆ ಎಳೆದೆ.

ಒಂಟಿಯಂಗಡಿಯಿಂದ ಎರಡು ಮೈಲಿ,
ಕಾಫಿತೋಟದ ಬೇಲಿಗೆ ಆತುಕೊಂಡ ಶಾಲೆ.
ಎರಡು ಕೋಣೆ, ಐದು ತರಗತಿ, ನಾನು, ಮತ್ತು
ಅರ್ಧ ದಿನ ಮೀಟಿಂಗಿನಲ್ಲೇ ಇರುವ ದೇಚಮ್ಮ ಮೇಡಂ.

ಒಂದು ದಿನ ಬೋರ್ಡಿನ ಹತ್ತಿರ ಕರೆದು ಗದರಿದೆ:
'ನ ಬರೆದೆ ಸರಿ, ಅದಕ್ಕೆ ಗುಡಿಸು ಎಲ್ಲಿ? ಗುಡಿಸು!'
ಅವಳು ಬಾಗಿಲ ಹಿಂದಿನಿಂದ ಪೊರಕೆ ತಂದು
ನನ್ನ ಕಾಲ ಬುಡದ ಸೀಮೆಸುಣ್ಣದ ಪುಡಿಯನ್ನು
ಮೂಲೆಯವರೆಗೂ ಅಚ್ಚುಕಟ್ಟಾಗಿ ಗುಡಿಸಿದಳು.
ತರಗತಿ ನಕ್ಕಿತು.
ನಾನೂ ನಕ್ಕೆ. ಇದನ್ನು ಬರೆಯದೆ ಬಿಡಬಹುದಿತ್ತು.

ಗುರುವಾರ ವಿರಾಜಪೇಟೆಯಿಂದ ಸಾಜಿದಾ ಟೀಚರ್ ಬರುತ್ತಾರೆ,
ಹದಿನಾಲ್ಕು ಶಾಲೆಗೆ ಅವರೊಬ್ಬರೇ,
ಬಸ್ಸು ತಪ್ಪಿದರೆ ಮುಂದಿನ ಗುರುವಾರ.
ಚೀಲದಲ್ಲಿ ಹುಣಸೆಬೀಜ, ಉಪ್ಪುಕಾಗದದಲ್ಲಿ ಕತ್ತರಿಸಿದ ಅಕ್ಷರ,
ಶಾನಿಫನ ಕಿವಿಯಂತ್ರಕ್ಕೆ ಅಂಗಿಗುಂಡಿಯಷ್ಟು ಬ್ಯಾಟರಿ.
ಮೊದಲ ಪಾಠ ನನಗೇ ಆಯಿತು:
'ಬೋರ್ಡಿಗೆ ಮುಖ ಮಾಡಿ ಮಾತಾಡಬೇಡಿ ಸಾರ್.
ಆ ಹುಡುಗ ತುಟಿ ನೋಡಿ ಕೇಳುತ್ತಾನೆ.
ನಿಮ್ಮ ಬೆನ್ನಿಗೆ ತುಟಿಯಿಲ್ಲ.'

ವನಿತಳ ಪುಸ್ತಕವನ್ನು ಬಹಳ ಹೊತ್ತು ತಿರುವಿದರು,
ನಾನು ಗೆರೆ ಎಳೆದಲ್ಲೆಲ್ಲ ಬೆರಳಿಟ್ಟು.
'ಒಂದಕ್ಷರವನ್ನೂ ಬಿಟ್ಟಿಲ್ಲ, ನೋಡಿ. ಎಲ್ಲವೂ ಬಂದಿವೆ.
ಸಾಲಿನಲ್ಲಿ ಯಾರ ಹಿಂದೆ ಯಾರು ಅಂತ ತಿಳಿಯುತ್ತಿಲ್ಲ,
ಪ್ರಾರ್ಥನೆಗೆ ನಿಮ್ಮ ಒಂದನೇ ಕ್ಲಾಸು ನಿಂತ ಹಾಗೆ.'

ಆಮೇಲಿನದೆಲ್ಲ ನಿಧಾನದ ಕೆಲಸ.
ತಲೆಕಟ್ಟು ಎಂದರೆ ಕಾಫಿ ಕುಯ್ಯುವಾಗ ಅವ್ವ ಕಟ್ಟುವ ಬಟ್ಟೆ.
ಇಳಿ ಎಂದರೆ ಏಣಿ ಇಳಿ, ಮೆಣಸಿನ ಬಳ್ಳಿಯ ಏಣಿ.
ಕೊಂಬು ಏನೆಂದು ಕೇಳುವುದೇ ಬೇಡ,
ಹೋದ ವಾರ ಲೈನ್‌ಮನೆಯ ಹಿಂದೆ ಕಾಟಿ ಬಂದಿತ್ತು.
ಗುಡಿಸು ಅವಳಿಗೆ ಮೊದಲೇ ಬರುತ್ತಿತ್ತು;
ಪೊರಕೆಯನ್ನು ಬಾಗಿಸಿ
ಅಕ್ಷರದ ನೆತ್ತಿಯ ಮೇಲಿಡುವುದಷ್ಟೇ ಬಾಕಿ.

ಎಲ್ಲವೂ ಆಗಲಿಲ್ಲ.
ಇಳಿಜಾರು ಮಂಜೂರಾಯಿತು,
ಕೊನೆಗೆ ಒಂದು ಮೆಟ್ಟಿಲು ಉಳಿಸಿ ಕಂಟ್ರಾಕ್ಟರ್ ಹೋದ.
ಗಾಲಿಕುರ್ಚಿಯ ಮಗು ನಿಮ್ಮಲ್ಲಿ ಇಲ್ಲವಲ್ಲ, ಅಂದ.
ಇದೆ. ಲೈನಿನ ಮೂರನೇ ಬಾಗಿಲಲ್ಲಿ ಕೂತು
ನಮ್ಮ ಗಂಟೆ ಕೇಳುತ್ತದೆ.
ಮಡಿಕೇರಿ ಆಸ್ಪತ್ರೆಯ ಸರ್ಟಿಫಿಕೇಟಿಗೆಂದು
ವನಿತಳ ಅಪ್ಪ ಎರಡು ದಿನದ ಕೂಲಿ ಬಿಟ್ಟ;
ಮೊದಲ ದಿನ ಕ್ಯೂ, ಎರಡನೆಯ ದಿನ ಡಾಕ್ಟರಿಗೆ ರಜೆ.
ಫಾರಮ್ಮಿನಲ್ಲಿ 'ನ್ಯೂನತೆಯ ಸ್ವರೂಪ' ಎಂಬ ಕಾಲಂ.
ಕೆಂಪು ಪೆನ್ನು, ಎಂದು ಬರೆಯೋಣ ಅನ್ನಿಸಿತು.
ಬರೆಯಲಿಲ್ಲ.

ಊಟದ ಗಂಟೆಗೆ ಮುಂಚೆ ಈಗ ಒಂದು ಆಟ:
ಮುಂದಿನವರ ಬೆನ್ನ ಮೇಲೆ ಬೆರಳಲ್ಲಿ ಅಕ್ಷರ ಬರೆಯುವುದು,
ಯಾವುದೆಂದು ಹೇಳುವುದು.
ಮೊನ್ನೆ ವನಿತ ಬಂದು ನಿಂತಳು. 'ಸಾರ್, ತಿರುಗಿ.'
ನನ್ನ ದಪ್ಪ ಸ್ವೆಟರಿನ ಮೇಲೆ ಒಂದು ಸಣ್ಣ ಬೆರಳು
ಸುತ್ತಿತು, ಏರಿತು, ನಿಂತಿತು.
'ನ,' ಅಂದೆ.
'ಅಲ್ಲ.'
'ಸ?'
'ಅಲ್ಲ.'
ತರಗತಿ ನಗಲಿಲ್ಲ.
ಶಾನಿಫ್ ನನ್ನ ತುಟಿಯನ್ನೇ ನೋಡುತ್ತಿದ್ದ.
'ಪರವಾಗಿಲ್ಲ ಸಾರ್,' ಅಂದಳು ಬೆನ್ನ ಹಿಂದಿನಿಂದ,
'ಇನ್ನೊಂದು ಸಲ ಬರೀತೀನಿ. ನಿಧಾನ.'